ಸಭಾಪಾಲಕರ ಮನೆಯ ಗೇಟು

ಹೊಸಬರನ್ನು ಏನೆಂದು ಕರೆಯುವುದು ಎಂಬುದೇ
ಮೊದಲ ಮೂರು ವಾರದ ಗೊಂದಲ.
ಅಯ್ಯನವರು ಅನ್ನೋಣವೆಂದರೆ ಎದುರಿಗಿರುವುದು ಹೆಂಗಸು,
ಅಮ್ಮನವರು ಎಂಬುದು ಅಯ್ಯನವರ ಹೆಂಡತಿಗೆ
ಎಂದೋ ಎತ್ತಿಟ್ಟ ಹೆಸರು.
ಕಡೆಗೆ ಸಂಡೇ ಸ್ಕೂಲಿನ ಒಂದು ಮೂಗು ಸೋರುವ ಕೂಸು
'ಅಯ್ಯಮ್ಮಾ' ಎಂದು ಕೂಗಿ ಮುಗಿಸಿಬಿಟ್ಟಿತು.

ನಾನು ಖಜಾಂಚಿ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದವನು,
ಗಿರಣಿ ಮುಚ್ಚಿದ ಮೇಲೆ ದೇವರ ಲೆಕ್ಕ.
ಇಪ್ಪತ್ತೆರಡು ವರ್ಷ ಕಾಣಿಕೆ ಚೀಲ ಕೊಡವಿದ್ದೇನೆ:
ಹರಿದ ಹತ್ತರ ನೋಟು, ಒಮ್ಮೆ ಒಂದು ಅಂಗಿಗುಂಡಿ.
ಗುಂಡಿಯನ್ನೂ ಬರೆದಿಟ್ಟಿದ್ದೇನೆ. ಇತರೆ, ಒಂದು.

ಹಿಂದಿನ ಅಯ್ಯನವರ ಕಾಲದಲ್ಲಿ ಶಿಸ್ತಿತ್ತು.
ಬಾಗಿಲಿಗೆ ಕರೆಗಂಟೆ, ಗಂಟೆಯ ಕೆಳಗೆ ವೇಳಾಪಟ್ಟಿ,
ಪಟ್ಟಿಯ ಕೆಳಗೆ 'ನಾಯಿ ಇದೆ'.
ನಾಯಿ ಇರಲಿಲ್ಲ.

ಈಕೆ ಬಂದವರೇ ಬೋರ್ಡು ಕಿತ್ತು
ಅದರ ಹಿಂಬದಿಯಲ್ಲಿ ಮಕ್ಕಳಿಂದ ಮಗ್ಗಿ ಬರೆಸಿದರು.
ಭಟ್ಟಿಯ ಹುಡುಗರ ಜೊತೆ ಕಟ್ಟೆ ಮೇಲೆ ಕೂತು
ಮಂಡಕ್ಕಿ ಮಿರ್ಚಿ ತಿಂದರು, ಖಾರಕ್ಕೆ ಮೂಗೊರೆಸಿಕೊಳ್ಳುತ್ತ,
ಅವರ ಬೀಡಿಯ ಬಗ್ಗೆ ಏನೂ ಹೇಳದೆ.
ಮಂಡಕ್ಕಿ ಭಟ್ಟಿಯ ಹೊಗೆ ಚರ್ಚಿನ ಸುಣ್ಣದ ಗೋಡೆಗೆ
ಮೊದಲಿನಿಂದಲೂ ಬರುತ್ತಿತ್ತು;
ಭಟ್ಟಿಯವರು ಬರತೊಡಗಿದ್ದು ಈಗ.
ಮೆಹಮೂದಾಬಿಯ ಮಗಳ ಶಾಲೆ ಅರ್ಜಿ,
ಉಚ್ಚೆಂಗೆಪ್ಪನ ಪಿಂಚಣಿ ಕಾಗದ,
ಸುಮ್ಮನೆ ಕೂತು ಹೋಗುವ ಒಬ್ಬ ಮುದುಕ.

ಕಮಿಟಿಯಲ್ಲಿ ನಾನೇ ಎದ್ದು ಕೇಳಿದೆ:
'ಸಭೆಯವರಲ್ಲದವರ ಚಹಾ ಸಕ್ಕರೆ ಯಾವ ಖಾತೆಗೆ ಹಾಕಲ್ರಿ?'
'ನನ್ನ ಖಾತೆಗೆ ಹಾಕ್ರಿ' ಅಂದರು.
ಆ ತಿಂಗಳು ಅವರ ಸಂಬಳದಲ್ಲಿ ನೂರ ನಲವತ್ತು ಹಿಡಿದೆ.
ಹೌದು, ಹಿಡಿದೆ.

ಗೇಟಿನ ಮಾತು ಹೇಳಬೇಕು.
ಮಿಷನ್ ಕಾಲದ ಕಬ್ಬಿಣ. ಸರಿಸಿದರೆ
ಕೊಯ್ಯಲು ಹಿಡಿದ ಕೋಳಿಯ ಹಾಗೆ ಕಿರುಚುತ್ತದೆ,
ಓಣಿಯ ಎರಡೂ ಬದಿಯ ಕಿಟಕಿಗಳಲ್ಲಿ ಮುಖ ಮೂಡುತ್ತವೆ.
ವೆಲ್ಡಿಂಗ್ ಎಬೆನೇಜರ್ ಎಣ್ಣೆ ಬಿಡಲು ಹೋದಾಗ ತಡೆದರು:
'ಇರಲಿ ಬಿಡಪ್ಪಾ, ಯಾರೋ ಬಂದ್ರು ಅಂತ ಗೊತ್ತಾಗುತ್ತೆ,
ಕೂಗೋಕೆ ಮೊದಲೇ ಎದ್ದು ಹೋಗಬಹುದು.'
ಒಳ್ಳೆಯ ಮಾತೇ. ಭಾನುವಾರದ ಪ್ರಸಂಗದಲ್ಲೂ ಬಂತು,
ಎಲ್ಲರೂ ನಕ್ಕರು.

ಬಂದವರು ಯಾರೆಂದು ಓಣಿಗೂ ಗೊತ್ತಾಗುತ್ತದೆ ಎಂಬುದು
ಬರಲಾಗದವನಿಗೆ ಮಾತ್ರ ಗೊತ್ತು.

ಮೂರು ರಾತ್ರಿ ಆ ಗೇಟಿನ ತನಕ ಹೋಗಿ ಬಂದೆ.
ಚಿಲಕ ಮುಟ್ಟಿದೆ, ತಣ್ಣಗಿತ್ತು.
ಸುಕುಮಾರಿ ಹೋದ ಮೇಲೆ, ಅಂದರೆ ಹನ್ನೊಂದು ವರ್ಷದಿಂದ,
ಕರ್ತನ ಪ್ರಾರ್ಥನೆಗೆ ಬರೀ ತುಟಿ ಆಡಿಸುತ್ತಿದ್ದೇನೆ.
ಖಜಾಂಚಿಯಾದವನು ಇದನ್ನು ಯಾರ ಮುಂದೆ ಹೇಳಬೇಕು,
ಜಮೆಗೋ, ಖರ್ಚಿಗೋ?

ನಾಲ್ಕನೆಯ ರಾತ್ರಿ
ಅವಳ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ಒಯ್ದೆ,
ತಳದಲ್ಲಿ ಒಂದಿಷ್ಟು ಉಳಿದಿತ್ತು.
ತಿರುಗಣಿಗೆ ಬಿಟ್ಟೆ, ಕಾದೆ, ಮತ್ತೆ ಬಿಟ್ಟೆ.
ಗೇಟು ತುಟಿ ಬಿಚ್ಚಲಿಲ್ಲ.

ಕರೆಂಟಿರಲಿಲ್ಲ. ಅವರು ಹೊಸ್ತಿಲ ಒಳಗೆ ಕೂತು
ಮೊಬೈಲಿನ ಬೆಳಕಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.
ಬೆಚ್ಚಿದರು; ಒಂದು ಕಾಳು ಹಾರಿ ನನ್ನ ಚಪ್ಪಲಿಗೆ ಬಿತ್ತು.
'ಸದ್ದೇ ಆಗ್ಲಿಲ್ವಲ್ರಿ, ಗೇಟು?'
'ಇಲ್ರೀ.'
ಎಣ್ಣೆ ಹತ್ತಿದ ನನ್ನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು.
ಮೊರವನ್ನು ಅರ್ಧ ನನ್ನ ಕಡೆ ಸರಿಸಿದರು.

ಹೇಳಿದೆನೋ ಇಲ್ಲವೋ, ಅದು ಇಲ್ಲಿ ಬೇಡ.
ಎರಡು ಸೇರು ಕಾಯಿ ಇತ್ತು, ಮುಗಿಯಿತು.
ಅವರೆಯ ಸೊಗಡು ಕೈಗೆ ಹತ್ತಿ
ಬೆಳಗಿನ ತನಕ ಇತ್ತು.

ಈಗ ಎಬೆನೇಜರನಿಗೆ ಬೇಸರ,
ತನ್ನ ಕೆಲಸ ಯಾರೋ ಮಾಡಿದರೆಂದು.
ಪ್ರಸಂಗದಲ್ಲಿ ಗೇಟಿನ ಮಾತು ಬರುವುದಿಲ್ಲ.
ಮೊನ್ನೆ ರಾತ್ರಿ ಹಾದು ಹೋಗುವಾಗ ಆ ಮೊರದ ಮುಂದೆ
ಇನ್ನೊಬ್ಬರ ಬೆನ್ನು ಕಂಡಿತು. ಗುರುತೂ ಸಿಕ್ಕಿತು.
ಮುಖ ತಿರುಗಿಸಿ ನಡೆದೆ.

ಎಣ್ಣೆಯನ್ನು ಯಾವ ಖಾತೆಗೂ ಹಾಕಿಲ್ಲ.
ಡಬ್ಬಿ ಖಾಲಿ. ಹೊಸದು ತರಬೇಕು,
ಮಳೆಗಾಲಕ್ಕೆ ಮುಂಚೆ.